ಹನ್ನೆರಡು ಬಣ್ಣದ ಮಣಿಗಳು ಊರೂರು ಸುತ್ತಬೇಕೇ? ಇಪ್ಪತ್ತು ಯೂರೋ ಸಾಕು

ಪ್ರಶ್ನೆ: ನಾವು ಸ್ಟಟ್‌ಗಾರ್ಟ್‌ನಲ್ಲಿದ್ದೇವೆ. ಮಕ್ಕಳಿಗೆ ಒಂಬತ್ತು ಮತ್ತು ಹನ್ನೆರಡು ವರ್ಷ. ಭಾನುವಾರ ಬಂದರೆ ಸಾಕು, ನಾನು, ನಮ್ಮ ಯಜಮಾನರು, ಮಕ್ಕಳು ಎಲ್ಲರೂ ಜಿಯೋಕ್ಯಾಶಿಂಗ್ ಅಂತ ಕಾಡು ಸುತ್ತುತ್ತೇವೆ. ಹೋದ ಸಲ ಊರಿಗೆ ಬಂದಾಗ ಚನ್ನಪಟ್ಟಣದ ಹನ್ನೆರಡು ಸಣ್ಣ ಗೊಂಬೆಗಳನ್ನು ತಂದಿದ್ದೆವು. ಅವಕ್ಕೆ ನಂಬರ್ ಹಾಕಿ ಡಬ್ಬಿಯಿಂದ ಡಬ್ಬಿಗೆ ಕಳಿಸಬೇಕು, ಒಂದಾದರೂ ಮೈಸೂರಿನ ಅಜ್ಜಿ ಮನೆ ಮುಟ್ಟಬೇಕು ಎಂದು ಮಕ್ಕಳ ಆಸೆ. ಹನ್ನೆರಡು ಅಧಿಕೃತ ಟ್ಯಾಗ್ ಕೊಳ್ಳುವುದು ದುಬಾರಿ. ಇಪ್ಪತ್ತು ಯೂರೋ ಒಳಗೆ ಆಗುತ್ತದೆಯೇ? ಒಂದೇ ನಂಬರನ್ನು ಎಲ್ಲದಕ್ಕೂ ಹಾಕಬಹುದೇ? ಕಳೆದುಹೋಗದ ಹಾಗೆ ಎಲ್ಲಿ ಬಿಡಬೇಕು?

ಉತ್ತರ: ನಮಸ್ಕಾರ ಮೇಡಂ. ಇಪ್ಪತ್ತು ಯೂರೋ ಒಳಗೆ ಖಂಡಿತ ಆಗುತ್ತದೆ. ಒಂದೇ ನಂಬರ್ ಎಲ್ಲದಕ್ಕೂ ಹಾಕಬಾರದು. ಗೊಂಬೆಗಳನ್ನು ಮಾತ್ರ ದಯವಿಟ್ಟು ಕಳಿಸಬೇಡಿ. ಈ ಮೂರನೆಯ ಮಾತು ಮಕ್ಕಳಿಗೆ ಬೇಜಾರು ತರುತ್ತದೆ ಅಂತ ಗೊತ್ತು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಈ ಆಟ ಗೊತ್ತಿಲ್ಲದ ಓದುಗರಿಗೆ ಮೊದಲು ಎರಡು ಮಾತು. ಯಾರೋ ಒಬ್ಬರು ಒಂದು ಡಬ್ಬಿಯನ್ನು ಕಾಡಿನಲ್ಲೋ ಊರಿನಲ್ಲೋ ಬಚ್ಚಿಟ್ಟು, ಅದರ ಜಾಗವನ್ನು ಅಂತರ್ಜಾಲದಲ್ಲಿ ಹಾಕುತ್ತಾರೆ. ಉಳಿದವರು ಮೊಬೈಲ್ ಹಿಡಿದು ಹುಡುಕುತ್ತಾರೆ. ಸಿಕ್ಕರೆ ಒಳಗಿರುವ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರುತ್ತಾರೆ. ಕೆಲವು ಡಬ್ಬಿಗಳಲ್ಲಿ ಪುಟ್ಟ ವಸ್ತುಗಳಿರುತ್ತವೆ. ಒಂದನ್ನು ತೆಗೆದುಕೊಂಡರೆ ಇನ್ನೊಂದನ್ನು ಇಡಬೇಕು, ಅದು ವಿನಿಮಯ. ಇನ್ನೊಂದು ಜಾತಿಯ ವಸ್ತು ಇದೆ. ಅದಕ್ಕೆ ನಂಬರ್ ಇರುತ್ತದೆ. ಅದನ್ನು ಯಾರೂ ಇಟ್ಟುಕೊಳ್ಳುವ ಹಾಗಿಲ್ಲ. ಎತ್ತಿಕೊಂಡವರು ಮುಂದಿನ ಡಬ್ಬಿಗೆ ದಾಟಿಸಿ, ಅಂತರ್ಜಾಲದಲ್ಲಿ ಆ ನಂಬರಿನ ಪುಟದಲ್ಲಿ ಬರೆಯಬೇಕು, ಅದಕ್ಕೆ ಲಾಗ್ ಮಾಡುವುದು ಅನ್ನುತ್ತಾರೆ. ಇದೇ ಟ್ರ್ಯಾಕೆಬಲ್. ನಮ್ಮಲ್ಲಿ ವಲಸೆ ಹಕ್ಕಿಗಳ ಕಾಲಿಗೆ ನಂಬರಿನ ಉಂಗುರ ಹಾಕಿ ಬಿಡುತ್ತಾರಲ್ಲ, ಹಾಗೆ. ಹಕ್ಕಿ ತಾನೇ ಹಾರುತ್ತದೆ, ಇದನ್ನು ಯಾರಾದರೂ ಜೇಬಿನಲ್ಲಿ ಹಾಕಿಕೊಂಡು ಹೋಗಬೇಕು. ವ್ಯತ್ಯಾಸ ಅಷ್ಟೇ.

ಬೆಲೆ ಇರುವುದು ವಸ್ತುವಿಗಲ್ಲ, ನಂಬರಿಗೆ. ಆಟ ಶುರುವಾದ ದಿನದ ಕಥೆಯೇ ಇದಕ್ಕೆ ಸಾಕ್ಷಿ. ಜಿಪಿಎಸ್ ಸಂಕೇತದಲ್ಲಿ ಬೇಕಂತಲೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕ ಸರ್ಕಾರ 2000ರ ಮೇ ಮೊದಲ ವಾರದಲ್ಲಿ ನಿಲ್ಲಿಸಿತು, ಸಾಮಾನ್ಯ ಜನರಿಗೂ ಜಾಗ ನಿಖರವಾಗಿ ತಿಳಿಯತೊಡಗಿತು. ಮೇ 3ಕ್ಕೆ ಡೇವ್ ಉಲ್ಮರ್ ಎಂಬುವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಹೂತಿಟ್ಟು, ಅದರ ಜಾಗವನ್ನು ಎಲ್ಲರಿಗೂ ತಿಳಿಸಿದರು. ಅದರೊಳಗೆ ಒಂದು ಬೀನ್ಸ್ ಡಬ್ಬಿಯೂ ಇತ್ತು, ಅಂಗಡಿಯಲ್ಲಿ ಸಿಗುವಂಥದ್ದೇ. ಆ ಡಬ್ಬಿ ಆಮೇಲೆ ಯಾರಿಗೋ ಸಿಕ್ಕಿತು. ಅದಕ್ಕೂ ನಂಬರ್ ಬಂತು. ಈ ಆಟ ಆಡುವವರು ಅದನ್ನು ಒಮ್ಮೆ ಕಣ್ಣಾರೆ ನೋಡಬೇಕು ಅಂತ ಆಸೆಪಡುತ್ತಾರೆ. ಇನ್ನೊಂದು ತುದಿಯ ಉದಾಹರಣೆ ಬೇಕಾದರೆ, 2021ರ ಫೆಬ್ರವರಿ 18ರಂದು ಮಂಗಳ ಗ್ರಹಕ್ಕೆ ಇಳಿದ ಪರ್ಸಿವಿಯರೆನ್ಸ್ ರೋವರ್. ಅದರ ಒಂದು ಉಪಕರಣವನ್ನು ಸರಿಹೊಂದಿಸಲು ಇಟ್ಟ ಫಲಕದಲ್ಲಿ, ಗಗನಯಾತ್ರಿಗಳ ಹೆಲ್ಮೆಟ್ ಮುಖಕ್ಕೆ ಹಾಕುವ ಪಾಲಿಕಾರ್ಬೊನೇಟಿನ ಸಣ್ಣ ಬಿಲ್ಲೆಯ ಮೇಲೆ ಟ್ರ್ಯಾಕೆಬಲ್ ನಂಬರ್ ಇದೆ. ರೋವರ್ ಕಳಿಸಿದ ಚಿತ್ರದಲ್ಲಿ ಅದನ್ನು ಓದಿ ಭೂಮಿಯ ಮೇಲಿನ ಆಟಗಾರರು ಲಾಗ್ ಮಾಡಿದರು. ಬೀನ್ಸ್ ಡಬ್ಬಿ, ಪ್ಲಾಸ್ಟಿಕ್ ಬಿಲ್ಲೆ. ಎರಡಕ್ಕೂ ಜೀವ ಬಂದದ್ದು ನಂಬರಿನಿಂದ.

ಹಾಗಾದರೆ ನಂಬರ್ ಎಲ್ಲಿಂದ ತರುವುದು? ದಾರಿ ಎರಡು. ಒಂದು, ನೀವು ಹೇಳಿದ ಅಧಿಕೃತ ಟ್ಯಾಗ್, ಅಂದರೆ ಟ್ರಾವೆಲ್ ಬಗ್. ಸೈನಿಕರ ಕತ್ತಿನ ಬಿಲ್ಲೆಯ ಹಾಗಿರುತ್ತದೆ. ಒಂದೊಂದಕ್ಕೆ ಆರೇಳು ಯೂರೋ ಆಸುಪಾಸು. ಈ ಆಟದ ಮುಖ್ಯ ತಾಣವಾದ ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನಲ್ಲಿ ಆಡುವ ಎಲ್ಲರಿಗೂ ಇದು ಗೊತ್ತು. ಕಂಡ ಕೂಡಲೇ ಏನು ಮಾಡಬೇಕು ಅಂತ ತಿಳಿಯುತ್ತದೆ. ಆ ಗುರುತಿಗೇ ನೀವು ದುಡ್ಡು ಕೊಡುವುದು. ಪಾಕೀಟಿನಲ್ಲಿ ಒಂದೇ ನಂಬರಿನ ಎರಡು ಬಿಲ್ಲೆ ಬರುತ್ತವೆ. ಒಂದು ಪ್ರಯಾಣಕ್ಕೆ, ಇನ್ನೊಂದು ನಿಮ್ಮ ಹತ್ತಿರ ಇರಲಿಕ್ಕೆ. ಎರಡನೆಯದನ್ನೂ ಇನ್ನೊಂದು ಗೊಂಬೆಗೆ ಕಟ್ಟಿ ಬಿಡೋಣ ಅಂತ ಆಸೆ ಆಗುವುದು ಸಹಜ. ಬೇಡ. ಒಂದು ನಂಬರಿಗೆ ಒಂದೇ ವಸ್ತು ಅನ್ನುವುದು ಆಟದ ನಿಯಮ. ಅದಕ್ಕಿಂತ ಮುಖ್ಯವಾಗಿ, ಒಂದು ಹ್ಯಾಂಬರ್ಗ್‌ನಲ್ಲಿ, ಇನ್ನೊಂದು ವಿಯೆನ್ನಾದಲ್ಲಿ ಲಾಗ್ ಆದರೆ ನಕ್ಷೆಯ ಮೇಲಿನ ಗೆರೆ ಹುಚ್ಚುಹುಚ್ಚಾಗಿ ಅತ್ತಿಂದಿತ್ತ ಓಡಾಡುತ್ತದೆ. ಯಾವುದು ಎಲ್ಲಿದೆ ಅಂತ ಮಕ್ಕಳಿಗೇ ತಿಳಿಯುವುದಿಲ್ಲ. ಇಟ್ಟುಕೊಂಡ ಬಿಲ್ಲೆ ಮೊದಲನೆಯದು ಕಳೆದ ಮೇಲೆ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಎಚ್ಚರಿಕೆ. ಎಲ್ಲೋ ತೀರಾ ಅಗ್ಗಕ್ಕೆ ಟ್ಯಾಗ್ ಸಿಕ್ಕಿತು ಅಂತ ತರಿಸಬೇಡಿ. ಆ ನಂಬರ್ ಆಗಲೇ ಬೇರೆಯವರ ಹೆಸರಿನಲ್ಲಿ ಇದ್ದರೆ ನಿಮಗೆ ಸಿಗುವುದು ಬರೀ ತಗಡು.

ಎರಡನೆಯ ದಾರಿ ಜಿಯೋಕ್ರೆಟಿ. ಪೋಲೆಂಡಿನ ಆಟಗಾರರು ಶುರುಮಾಡಿದ್ದು. ಕ್ರೆಟ್ ಅಂದರೆ ಅವರ ಭಾಷೆಯಲ್ಲಿ ಮಣ್ಣಿನೊಳಗೆ ಬಿಲ ತೋಡುತ್ತಾ ಹೋಗುವ ಮೋಲ್ ಎಂಬ ಪ್ರಾಣಿ. ಇಲ್ಲಿ ನಂಬರಿಗೆ ಒಂದು ಪೈಸೆಯೂ ಇಲ್ಲ. ಖಾತೆ ತೆರೆದು, ವಸ್ತುವಿಗೆ ಹೆಸರಿಟ್ಟು, ಎರಡು ಸಾಲು ಬರೆದರೆ ಎರಡು ಸಂಖ್ಯೆ ಸಿಗುತ್ತವೆ. ಜಿಕೆ ಅಕ್ಷರಗಳಿಂದ ಶುರುವಾಗುವುದು ಎಲ್ಲರಿಗೂ ಕಾಣುವಂಥದ್ದು. ಇನ್ನೊಂದು ಗುಟ್ಟಿನ ಕೋಡ್. ಲಾಗ್ ಮಾಡಲು ಈ ಗುಟ್ಟಿನದೇ ಬೇಕು, ವಸ್ತು ಕೈಯಲ್ಲಿದ್ದವರಿಗೆ ಮಾತ್ರ ಅದು ಗೊತ್ತಾಗಬೇಕು. ಲೇಬಲ್ ತಯಾರಿಸಿಕೊಡುವ ಸೌಲಭ್ಯವೂ ಆ ತಾಣದಲ್ಲೇ ಇದೆ. ನನಗೆ ತುಂಬಾ ಇಷ್ಟವಾಗುವ ವಿಷಯ ಅಂದರೆ, ಸಿಕ್ಕವರು ಖಾತೆ ಇಲ್ಲದೆಯೂ ಲಾಗ್ ಮಾಡಬಹುದು. ದಾರಿಹೋಕರೊಬ್ಬರಿಗೆ ಸಿಕ್ಕರೂ ಸುದ್ದಿ ಬರುವ ಸಾಧ್ಯತೆ ಇದೆ.

ಕೊರತೆಯೂ ಉಂಟು. ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನಲ್ಲೇ ಆಡುವ ಬಹಳ ಜನಕ್ಕೆ ಜಿಯೋಕ್ರೆಟಿ ಗೊತ್ತಿಲ್ಲ. ಆ ಕೋಡನ್ನು ಅಲ್ಲಿ ಹಾಕಿ ನೋಡುತ್ತಾರೆ, ಆ ತಾಣ ಅದನ್ನು ಒಪ್ಪುವುದಿಲ್ಲ. 'ಓ, ಇದು ಸುಮ್ನೆ ವಿನಿಮಯದ ವಸ್ತು' ಅಂದುಕೊಂಡು ಮನೆಗೆ ಒಯ್ಯುತ್ತಾರೆ. ಜರ್ಮನಿ, ಪೋಲೆಂಡ್, ಫ್ರಾನ್ಸ್ ಕಡೆ ತಿಳಿದವರು ಸಾಕಷ್ಟು ಇದ್ದಾರೆ, ನೀವಿರುವ ಜಾಗ ಇದಕ್ಕೆ ಒಳ್ಳೆಯದೇ. ಆದ್ದರಿಂದ ನಿಮ್ಮ ದುಡ್ಡನ್ನು ಹೀಗೆ ಹಂಚಿ: ಎರಡು ಅಧಿಕೃತ ಟ್ಯಾಗ್, ಹತ್ತು ಜಿಯೋಕ್ರೆಟಿ. ಟ್ಯಾಗ್‌ಗೆ ಹದಿಮೂರು ಹದಿನಾಲ್ಕು ಯೂರೋ ಹೋದರೂ ಲ್ಯಾಮಿನೇಶನ್ ಕವರ್‌ಗೆ, ದಾರಕ್ಕೆ, ಉಂಗುರಕ್ಕೆ ಉಳಿಯುತ್ತದೆ. ಒಬ್ಬೊಬ್ಬರಿಗೆ ಒಂದು ಟ್ಯಾಗ್, ಜಗಳವೂ ಇಲ್ಲ.

ಈಗ ಗೊಂಬೆ ವಿಷಯ. ಸುಂದರವಾದ ವಸ್ತು ಬೇಗ ಕಳೆಯುತ್ತದೆ. ಕದಿಯಲೇಬೇಕೆಂದು ಯಾರೂ ಬರುವುದಿಲ್ಲ. ಡಬ್ಬಿ ತೆರೆದ ಐದು ವರ್ಷದ ಮಗು ಕೆಂಪು ಹಳದಿ ಗೊಂಬೆ ನೋಡಿ ಮುಷ್ಟಿ ಬಿಗಿ ಹಿಡಿದರೆ, ಆ ತಂದೆ ತಾಯಿ ಏನು ಮಾಡಬೇಕು ಹೇಳಿ? ನಾನೂ ಜರ್ಮನಿಯಲ್ಲಿದ್ದಾಗ ಮೊದಲು ಕಳಿಸಿದ್ದು ಚನ್ನಪಟ್ಟಣದ ಬುಗುರಿಯನ್ನೇ. ಮೂರನೆಯ ಡಬ್ಬಿಯ ನಂತರ ಅದರ ಸುದ್ದಿ ಇಲ್ಲ. ಇನ್ನೊಂದು ಕಾರಣವೂ ಇದೆ. ಈ ಗೊಂಬೆಗಳು ಹಾಲೆ ಮರದವು, ಮೇಲೆ ಅರಗಿನ ಬಣ್ಣ. ಮನೆಯ ಒಣ ಗಾಳಿಯಲ್ಲಿ ಎಷ್ಟು ವರ್ಷವಾದರೂ ಹೊಳೆಯುತ್ತವೆ. ಆದರೆ ಜರ್ಮನ್ ಕಾಡಿನಲ್ಲಿ ಮರದ ಬೇರಿನ ಕೆಳಗೆ, ಮುಚ್ಚಳ ಸರಿಯಾಗಿ ಕೂರದ ಡಬ್ಬಿಯಲ್ಲಿ ಒಂದು ಚಳಿಗಾಲ ಕಳೆದರೆ ಮರ ತೇವ ಕುಡಿಯುತ್ತದೆ, ಅರಗು ಬೆಳ್ಳಗೆ ಮಾಸುತ್ತದೆ. ಕುಶಲಕರ್ಮಿಗಳು ಲೇತ್ ಮೇಲೆ ಕೈಯಾರೆ ತಿರುವಿದ ವಸ್ತು ಅದು. ಅದಕ್ಕೆ ಆ ಗತಿ ಬೇಡ.

ಅದರ ಬದಲು ಗೊಂಬೆಗಳ ಒಳ್ಳೆಯ ಫೋಟೋ ತೆಗೆಯಿರಿ. ಆ ಚಿತ್ರವೇ ಲೇಬಲ್ಲಿನ ಒಂದು ಬದಿಗೆ ಬರಲಿ. ಜೊತೆಗೆ ಒಂದು ಚನ್ನಪಟ್ಟಣದ ಮಣಿ ಕಟ್ಟಿ. ಸರಕ್ಕೆ ಪೋಣಿಸುವ, ಒಂದೂವರೆ ಸೆಂಟಿಮೀಟರಿನ ಮರದ ಮಣಿ. ಮುಂದಿನ ಸಲ ಊರಿಗೆ ಬಂದಾಗ ಹಿಡಿ ತುಂಬ ತನ್ನಿ, ಹೆಚ್ಚೇನೂ ಖರ್ಚಾಗದು. ಗೊಂಬೆ ಮನೆಯ ಕಪಾಟಿನಲ್ಲಿ ಇರುತ್ತದೆ, ಅದರ ಚಿತ್ರ ಮತ್ತು ಮಣಿ ಊರು ಸುತ್ತುತ್ತವೆ. 'ಆನೆ ಗೊಂಬೆ ಈಗ ಪ್ರಾಗ್‌ನಲ್ಲಿದೆ' ಅಂತ ಮಕ್ಕಳು ಹೇಳಿಕೊಳ್ಳಬಹುದು, ಆನೆ ಕಣ್ಣೆದುರೇ ಇರುತ್ತದೆ. ಮಣಿ ಹೋದರೂ ಯಾರೂ ಅಳುವುದಿಲ್ಲ. ನನ್ನ ಅನುಭವದಲ್ಲಿ ಹೆಚ್ಚು ದೂರ ಹೋದದ್ದು ಒಂದು ಹಳೇ ಅಂಗಿಯ ಗುಂಡಿ. ಅದನ್ನು ಇಟ್ಟುಕೊಳ್ಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ, ಮುಂದೆ ದಾಟಿಸಬೇಕು ಅಂತ ಎಲ್ಲರಿಗೂ ಅನ್ನಿಸಿತು.

ಮಣಿಯ ಅಳತೆಗೂ ಕಾರಣ ಇದೆ. ನಿಮ್ಮ ಕಡೆ ಪೆಟ್ಲಿಂಗ್ ಎಷ್ಟು ಜಾಸ್ತಿ ಅಂತ ನಿಮಗೇ ಗೊತ್ತು. ತಂಪು ಪಾನೀಯದ ಬಾಟಲಿಯನ್ನು ಊದುವ ಮುಂಚೆ ಇರುವ ಆ ದಪ್ಪ ಪ್ಲಾಸ್ಟಿಕ್ ಕೊಳವೆ, ಅದನ್ನೇ ಡಬ್ಬಿಯಾಗಿ ಬಚ್ಚಿಡುತ್ತಾರೆ. ಅದರ ಬಾಯಿ ಸುಮಾರು ಎರಡು ಸೆಂಟಿಮೀಟರ್. ಅದರೊಳಗೆ ಇಳಿಯುವ ವಸ್ತುವಿಗೆ ಸಿಗುವ ಡಬ್ಬಿಗಳು ಎಷ್ಟೋ ಪಟ್ಟು ಹೆಚ್ಚು. ದೊಡ್ಡ ವಸ್ತು ಎತ್ತಿಕೊಂಡವರು ಅದು ಹಿಡಿಸುವ ಡಬ್ಬಿ ಹುಡುಕುತ್ತಾ ತಿಂಗಳುಗಟ್ಟಲೆ ಚೀಲದಲ್ಲೇ ಇಟ್ಟುಕೊಂಡು, ಕೊನೆಗೆ ಮರೆತೇಬಿಡುತ್ತಾರೆ. ಲೇಬಲ್ಲನ್ನೂ ಅಷ್ಟೇ ಅಗಲಕ್ಕೆ, ಬೇಕಾದರೆ ಸ್ವಲ್ಪ ಉದ್ದವಾಗಿ ಮಾಡಿ. ಸುರುಳಿ ಸುತ್ತಿ ತುರುಕುವ ಹಾಗೆ ಆಗಬಾರದು.

ಲೇಬಲ್ ಮಾಡುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ. ಇಂಕ್‌ಜೆಟ್ ಬೇಡ, ನೀರು ತಾಗಿದರೆ ಹರಡುತ್ತದೆ. ಲೇಸರ್ ಪ್ರಿಂಟ್ ತೆಗೆಯಿರಿ. ಲ್ಯಾಮಿನೇಟ್ ಮಾಡುವ ಮುಂಚೆಯೇ ಚೀಟಿಗಳನ್ನು ಒಂದೊಂದಾಗಿ ಕತ್ತರಿಸಿ. ಕವರಿನೊಳಗೆ ಒಂದಕ್ಕೊಂದು ಬೆರಳಗಲ ಜಾಗ ಬಿಟ್ಟು ಜೋಡಿಸಿ. ಯಂತ್ರದಿಂದ ಬಂದ ಮೇಲೆ ಚೀಟಿಯ ಸುತ್ತ ನಾಲ್ಕು ಮಿಲಿಮೀಟರ್ ಬರೀ ಪ್ಲಾಸ್ಟಿಕ್ ಅಂಚು ಉಳಿಯುವ ಹಾಗೆ ಕತ್ತರಿಸಿ. ಒಂದು ತುದಿಯಲ್ಲಿ ಮಾತ್ರ ಒಂದು ಸೆಂಟಿಮೀಟರ್ ಅಂಚು ಬಿಡಿ, ತೂತು ಅಲ್ಲಿ ಬರಬೇಕು. ಕಾಗದವನ್ನು ತೂತು ಮುಟ್ಟಲೇಬಾರದು. ನಾನು ಮೊದಲ ಸಲ ಕಾಗದದ ಮೇಲೇ ಪಂಚ್ ಮಾಡಿದ್ದೆ. ನೋಡಲು ಅಚ್ಚುಕಟ್ಟಾಗಿತ್ತು. ಆ ತೂತಿನ ಅಂಚಿನಿಂದ ಕಾಗದ ದೀಪದ ಬತ್ತಿಯ ಹಾಗೆ ನೀರು ಎಳೆದುಕೊಂಡಿತು. ಮಾರ್ಚ್ ತಿಂಗಳಲ್ಲಿ ಒಬ್ಬರು ಫೋಟೋ ಕಳಿಸಿ, 'ಕೊನೆಯ ಅಕ್ಷರ ಕಾಣಿಸುತ್ತಿಲ್ಲ' ಅಂತ ಬರೆದಿದ್ದರು. ಚೀಟಿಯ ಮೇಲ್ಭಾಗ ಚಹಾ ಬಿದ್ದ ಹಾಗೆ ಕಂದಾಗಿ, ಪ್ಲಾಸ್ಟಿಕ್ಕಿನ ಎರಡು ಪದರ ಬಿಟ್ಟುಕೊಂಡು ಮಧ್ಯೆ ಕಪ್ಪು ಬೂಷ್ಟು ಹಿಡಿದಿತ್ತು. ಕೋಡಿನ ಕೊನೆಯ ಅಕ್ಷರ ಸರಿಯಾಗಿ ಆ ಬೂಷ್ಟಿನ ಕೆಳಗೆ. ಮೂಲೆಗಳನ್ನೂ ಕತ್ತರಿಯಿಂದ ದುಂಡಗೆ ಮಾಡಿ. ಚೂಪು ಮೂಲೆಯಿಂದಲೇ ಪದರ ಬಿಡಲು ಶುರುವಾಗುತ್ತದೆ.

ಕಾಗದ ಬೇಡ ಅನ್ನುವುದಾದರೆ ಮಕ್ಕಳಿಗೆ ಖುಷಿ ಕೊಡುವ ಇನ್ನೊಂದು ದಾರಿ ಇದೆ. ಊಟದ ಪಾರ್ಸಲ್ ಬರುವ ಪಾರದರ್ಶಕ ಮುಚ್ಚಳದ ಕೆಳಗೆ ತ್ರಿಕೋನದಲ್ಲಿ 6 ಅಂತ ಇದ್ದರೆ ಅದು ಪಾಲಿಸ್ಟೈರೀನ್. ಅದರ ಚಪ್ಪಟೆ ಭಾಗ ಕತ್ತರಿಸಿ, ಅಳಿಸದ ಮಾರ್ಕರಿನಲ್ಲಿ ಕೋಡ್ ಬರೆದು, ಮೊದಲೇ ತೂತು ಮಾಡಿ, ಬೇಕಿಂಗ್ ಕಾಗದದ ಮೇಲಿಟ್ಟು ಓವನ್‌ಗೆ ಹಾಕಿ. ಸುಮಾರು 160 ಡಿಗ್ರಿ. ಮೊದಲು ಹಪ್ಪಳದ ಹಾಗೆ ಮುರುಟಿಕೊಳ್ಳುತ್ತದೆ. ಮಕ್ಕಳು ಅಯ್ಯೋ ಹಾಳಾಯ್ತು ಅನ್ನುತ್ತಾರೆ. ಇನ್ನೊಂದು ನಿಮಿಷ ಬಿಡಿ, ತಾನೇ ಬಿಚ್ಚಿಕೊಂಡು ಚಪ್ಪಟೆಯಾಗುತ್ತದೆ. ಅಳತೆ ಅರ್ಧಕ್ಕಿಂತ ಕಡಿಮೆ, ದಪ್ಪ ಹಲವು ಪಟ್ಟು ಹೆಚ್ಚು. ಅಕ್ಷರಗಳೂ ಕುಗ್ಗುವುದರಿಂದ ಮೊದಲೇ ದೊಡ್ಡದಾಗಿ ಬರೆದಿರಬೇಕು. ಕಿಟಕಿ ತೆರೆದಿಡಿ, ವಾಸನೆ ಒಳ್ಳೆಯದಲ್ಲ. ಓವನ್ ಹತ್ತಿರ ನೀವೇ ನಿಲ್ಲಿ. ಹಾಗೆ ಬಂದ ಬಿಲ್ಲೆಗೆ ನೀರಿನ ಭಯವಿಲ್ಲ. ದೊಡ್ಡವನಿಗೋ ದೊಡ್ಡವಳಿಗೋ ಸುತ್ತಿಗೆ ಹಿಡಿಯುವ ಆಸೆ ಇದ್ದರೆ ಬೌಮಾರ್ಕ್ಟ್‌ನಲ್ಲಿ, ಅಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ, ಸಿಗುವ ಸ್ಟೀಲ್ ವಾಷರ್ ಮೇಲೆ ಅಕ್ಷರದ ಪಂಚ್‌ನಿಂದ ಹೊಡೆಯಬಹುದು. ಆದರೆ ಪಂಚ್ ಸೆಟ್ ಕೊಳ್ಳಲು ಹೋದರೆ ನಿಮ್ಮ ಇಪ್ಪತ್ತು ಯೂರೋ ಮುಗಿಯಿತು. ಯಾರಲ್ಲಾದರೂ ಇದ್ದರೆ ಎರವಲು ತನ್ನಿ.

ಯಾವುದೇ ಮಾಡಿದರೂ ಕೋಡನ್ನು ಎರಡು ಕಡೆ ಬರೆಯಿರಿ. ಲೇಬಲ್ ಮೇಲೆ ಒಂದು, ವಸ್ತುವಿನ ಮೈಮೇಲೆ ಇನ್ನೊಂದು. ಮಣಿಯ ಮೇಲೆ ಜಾಗ ಸಾಲದಿದ್ದರೆ ಅದಕ್ಕೆ ಒಂದು ಸಣ್ಣ ಬಿಲ್ಲೆ ಪೋಣಿಸಿ. ಸೊನ್ನೆ ಮತ್ತು ಓ, ಒಂದು ಮತ್ತು ಐ ಗೊಂದಲ ಆಗದ ಹಾಗೆ ಬರೆಯಬೇಕು. ಕಟ್ಟಲು ಹತ್ತಿ ದಾರ ಬೇಡ, ಕೊಳೆಯುತ್ತದೆ. ಕೀಲಿ ಗೊಂಚಲಿನ ಸಣ್ಣ ಸ್ಟೀಲ್ ಉಂಗುರ ಒಳ್ಳೆಯದು. ಮಣಿ ಮಣಿಯಾಗಿರುವ ಚೈನ್ ನೋಡಲು ಚೆನ್ನ, ಕೊಂಡಿ ಬೇಗ ಬಿಡುತ್ತದೆ.

ಲೇಬಲ್ ಮೇಲೆ ಏನು ಬರೆಯಬೇಕು? ಸಿಕ್ಕವರು ಕೊರೆಯುವ ಚಳಿಯಲ್ಲಿ, ಒಂದು ಕೈಯಲ್ಲಿ ಡಬ್ಬಿ ಮುಚ್ಚಳ ಹಿಡಿದುಕೊಂಡು ಓದುತ್ತಾರೆ. ಐದು ಸೆಕೆಂಡಿನಲ್ಲಿ ಅರ್ಥ ಆಗಬೇಕು. ಮೊದಲ ಸಾಲು ಜರ್ಮನ್‌ನಲ್ಲಿ, 'ಕೈನ್ ಟೌಶ್‌ಗೆಗೆನ್‌ಶ್ಟಾಂಡ್', ಅಂದರೆ ಇದು ವಿನಿಮಯದ ವಸ್ತು ಅಲ್ಲ. ಎರಡನೆಯ ಸಾಲು, ದಯವಿಟ್ಟು ಮುಂದಿನ ಡಬ್ಬಿಗೆ ಒಯ್ಯಿರಿ. ಮೂರನೆಯದು ಲಾಗ್ ಮಾಡುವ ತಾಣದ ವಿಳಾಸ ಮತ್ತು ಕೋಡ್. ಇದನ್ನೇ ಅದರ ಕೆಳಗೆ ಇಂಗ್ಲಿಷಿನಲ್ಲಿ, ಹಿಂಬದಿ ಗೊಂಬೆಯ ಚಿತ್ರಕ್ಕೆ. ಜಾಗ ಉಳಿದರೆ ಮಕ್ಕಳ ಕೈಬರಹದಲ್ಲಿ ವಸ್ತುವಿನ ಹೆಸರು ಕನ್ನಡದಲ್ಲಿ ಇರಲಿ. ಆ ದುಂಡು ಅಕ್ಷರ ನೋಡಿ 'ಇದು ಯಾವ ಲಿಪಿ?' ಅಂತ ಕೇಳಿ ನನಗೆ ಎಷ್ಟೋ ಜನ ಬರೆದಿದ್ದಾರೆ. ಲಾಗ್ ಬರೆಯದವರೂ ಇದಕ್ಕಾಗಿ ಬರೆಯುತ್ತಾರೆ. ಕ್ಯೂಆರ್ ಒಂದನ್ನೇ ನೆಚ್ಚಬೇಡಿ. ಕಾಡಿನಲ್ಲಿ ಸಿಕ್ಕ ಗೊತ್ತಿಲ್ಲದ ಕ್ಯೂಆರ್ ಅನ್ನು ಸ್ಕ್ಯಾನ್ ಮಾಡಲು ಜನ ಹಿಂಜರಿಯುತ್ತಾರೆ, ಅದು ಸರಿಯೂ ಹೌದು.

ಕಳಿಸಬಾರದ ವಸ್ತುಗಳ ಬಗ್ಗೆಯೂ ಒಂದು ಮಾತು. ಹುಣಸೆ ಬೀಜ, ಗುಲಗಂಜಿ, ರುದ್ರಾಕ್ಷಿ ಚೆನ್ನಾಗಿ ಕಾಣುತ್ತವೆ ಅಂತ ಕಟ್ಟಬೇಡಿ. ಗುಲಗಂಜಿ ವಿಷ, ಡಬ್ಬಿ ತೆರೆಯುವುದು ಮಕ್ಕಳು. ಜೊತೆಗೆ ಬೀಜ, ಮರದಂಥ ವಸ್ತುಗಳ ವಿಷಯದಲ್ಲಿ ಆಸ್ಟ್ರೇಲಿಯಾ ತುಂಬಾ ಕಟ್ಟುನಿಟ್ಟು. ನಿಮ್ಮ ಮರದ ಮಣಿಯನ್ನು ಯಾರಾದರೂ ಅಲ್ಲಿಗೆ ಒಯ್ದರೆ ವಿಮಾನ ನಿಲ್ದಾಣದಲ್ಲಿ ತಿಳಿಸಬೇಕಾಗುತ್ತದೆ. ಪುಟದಲ್ಲಿ 'ಮರದ ಮಣಿ' ಅಂತ ಬರೆದಿಡಿ. ಅಧಿಕೃತ ಟ್ಯಾಗಿನ ಎರಡಕ್ಕೆ ಮರ ಬಿಟ್ಟು ಗುಂಡಿಯನ್ನೋ ವಾಷರನ್ನೋ ಕಟ್ಟಿದರೆ ಆ ತೊಂದರೆಯೇ ಇಲ್ಲ. ತಿನ್ನುವ ವಸ್ತು, ಪರಿಮಳದ ವಸ್ತು ಖಂಡಿತ ಬೇಡ. ಪ್ರಾಣಿಗಳು ಡಬ್ಬಿಯನ್ನೇ ಅಗಿದು ಹಾಕುತ್ತವೆ.

ಬಿಡುವುದು ಎಲ್ಲಿ? ವಿಮಾನ ನಿಲ್ದಾಣ, ಹೆದ್ದಾರಿ ಪಕ್ಕದ ಟ್ರಾವೆಲ್ ಬಗ್ ಹೋಟೆಲ್‌ಗಳು, ಅಂದರೆ ಇಂಥ ವಸ್ತುಗಳಿಗೆಂದೇ ಇಟ್ಟ ದೊಡ್ಡ ಡಬ್ಬಿಗಳು, ಸುಲಭ ಅನ್ನಿಸುತ್ತವೆ. ನಾನು ಅವನ್ನು ನಂಬುವುದಿಲ್ಲ. ಒಂದೇ ಕಡೆ ಹತ್ತಿಪ್ಪತ್ತು ವಸ್ತು ಇರುವುದರಿಂದ ಯಾರಾದರೂ ಡಬ್ಬಿ ಬರಿದು ಮಾಡಿದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಊರ ಮಧ್ಯದ ಡಬ್ಬಿಗಳೂ ಬೇಡ, ಆಟದ ಬಗ್ಗೆ ತಿಳಿಯದವರ ಕಣ್ಣಿಗೆ ಬೀಳುವುದು ಜಾಸ್ತಿ. ಒಂದೆರಡು ಗಂಟೆ ನಡೆದು ಹೋಗಬೇಕಾದ ಕಾಡುದಾರಿಯ ಡಬ್ಬಿ ಒಳ್ಳೆಯದು. ಕಳೆದ ಒಂದು ತಿಂಗಳಲ್ಲಿ ಅದನ್ನು ಕಂಡವರ ಲಾಗ್ ಇರಬೇಕು. 'ಒಳಗೆ ಒದ್ದೆ' ಅಂತ ಯಾರೂ ಬರೆದಿರಬಾರದು. ಎಲ್ಲಕ್ಕಿಂತ ಒಳ್ಳೆಯದು ಆಟಗಾರರ ಕೂಟ. ನಿಮ್ಮ ಊರ ಕಡೆ ಶ್ಟಾಮ್‌ಟಿಶ್ ಅಂತ ಸೇರುತ್ತಾರಲ್ಲ, ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. 'ಮುಂದಿನ ವಾರ ನಾರ್ವೆಗೆ ಹೋಗುತ್ತೇನೆ' ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ಕೈಯಿಂದ ಕೈಗೆ ಕೊಟ್ಟ ವಸ್ತುವನ್ನು ಜನ ಮರೆಯುವುದು ಕಡಿಮೆ.

ಹನ್ನೆರಡನ್ನೂ ಒಂದೇ ದಿನ ಬಿಡಬೇಡಿ. ತಿಂಗಳಿಗೆ ಎರಡು ಸಾಕು. ಮೊದಲ ಎರಡರ ತಪ್ಪು ನೋಡಿ ಮುಂದಿನ ಲೇಬಲ್ ತಿದ್ದಬಹುದು. ಬಿಡುವ ಮುಂಚೆ ಪ್ರತಿಯೊಂದರ ಫೋಟೋ ತೆಗೆದು ಪುಟಕ್ಕೆ ಹಾಕಿ, ಆದರೆ ಗುಟ್ಟಿನ ಕೋಡ್ ಫೋಟೋದಲ್ಲಿ ಕಾಣಬಾರದು. ಕಂಡರೆ ನೋಡದವರೂ ನೋಡಿದೆ ಅಂತ ಲಾಗ್ ಮಾಡುತ್ತಾರೆ. ಹನ್ನೆರಡು ಕೋಡ್‌ಗಳನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಆಮೇಲೆ ಕಾಯಬೇಕು. ಎತ್ತಿಕೊಂಡವರು ಎರಡು ವಾರ ಇಟ್ಟುಕೊಳ್ಳುವುದು ಸಾಮಾನ್ಯ. ಎರಡು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಒಂದು ಮೃದುವಾದ ಸಂದೇಶ ಕಳಿಸಿ. ಆಪಾದನೆ ಬೇಡ, 'ಮಕ್ಕಳು ಕೇಳುತ್ತಿದ್ದಾರೆ' ಅಂದರೆ ಸಾಕು. ಕಳೆದೇ ಹೋಯಿತು ಅನ್ನಿಸಿದರೂ ಒಂದು ವರ್ಷ ಬಿಟ್ಟು ಅದೇ ಕೋಡಿನ ಹೊಸ ಲೇಬಲ್ ಮಾಡಿ. ಅವಸರದಲ್ಲಿ ಎರಡನೆಯದನ್ನು ಬಿಟ್ಟ ಮೇಲೆ ಮೊದಲನೆಯದು ಯಾರದೋ ಹಳೇ ಜಾಕೆಟ್ಟಿನ ಜೇಬಿನಿಂದ ಎದ್ದು ಬರುವುದುಂಟು.

ಕೊನೆಗೆ ಅಜ್ಜಿ ಮನೆ. ಸ್ಟಟ್‌ಗಾರ್ಟ್‌ನಿಂದ ಬಿಟ್ಟ ಮಣಿ ತಾನಾಗಿ ಮೈಸೂರು ಮುಟ್ಟುತ್ತದೆ ಅಂತ ಮಕ್ಕಳಿಗೆ ಭರವಸೆ ಕೊಡಬೇಡಿ. ನಮ್ಮಲ್ಲಿ ಡಬ್ಬಿಗಳು ಕಡಿಮೆ. ಸಾರ್ವಜನಿಕ ಜಾಗದಲ್ಲಿ ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಗಾಬರಿಯಾಗುವುದೂ ಸರಿಯೇ. ಗುರಿಯನ್ನು ತಿರುಗಿಸಿ. ಪ್ರಯಾಣ ಅಲ್ಲಿಂದಲೇ ಶುರುವಾಗಲಿ. ಬೇಸಿಗೆ ರಜೆಗೆ ಬಂದಾಗ ಲೇಬಲ್‌ಗಳನ್ನು ಜೊತೆಗೆ ತಂದು, ಇಲ್ಲಿ ಕೊಂಡ ಮಣಿಗಳಿಗೆ ಕಟ್ಟಿ. ಅಜ್ಜಿಯ ಅಂಗೈಯಲ್ಲಿಟ್ಟು ಫೋಟೋ ತೆಗೆಯಿರಿ. ಜಿಯೋಕ್ರೆಟಿಯಲ್ಲಿ ಡಬ್ಬಿ ಇಲ್ಲದಿದ್ದರೂ ಬರೀ ಅಕ್ಷಾಂಶ ರೇಖಾಂಶ ಕೊಟ್ಟು ಲಾಗ್ ಮಾಡಬಹುದು. ಮನೆಯ ಜಾಗ ಕೊಡಬೇಡಿ, ಅದು ಎಲ್ಲರಿಗೂ ಕಾಣುತ್ತದೆ. ಚಾಮುಂಡಿ ಬೆಟ್ಟದ ನಂದಿಯ ಹತ್ತಿರ ನಿಂತು ಲಾಗ್ ಮಾಡಿ. ಸ್ಟಟ್‌ಗಾರ್ಟ್‌ಗೆ ಮರಳಿ ಮೊದಲ ಡಬ್ಬಿಯಲ್ಲಿ ಇಟ್ಟಾಗ ಪುಟದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಗಲೇ ಬಿದ್ದಿರುತ್ತದೆ. ಅಷ್ಟು ದೂರದಿಂದ ಬಂದದ್ದು ಅಂತ ಕಂಡರೆ ಸಿಕ್ಕವರೂ ಜೋಪಾನವಾಗಿ ಮುಂದೆ ಕಳಿಸುತ್ತಾರೆ. ಗೋಡೆಗೆ ಒಂದು ಭೂಪಟ ಅಂಟಿಸಿ, ಮೊದಲ ಗುಂಡುಸೂಜಿಯನ್ನು ಮಕ್ಕಳ ಕೈಯಿಂದ ಮೈಸೂರಿನ ಮೇಲೆ ಚುಚ್ಚಿಸಿ.